ಬೆಳ್ಳಿ ಸಾಮಾನಿನಲ್ಲೊಂದು ಪೆನ್ನು

ನಿಮ್ಮ ಮನೆಯಲ್ಲಿ ಬೆಳ್ಳಿ ಸಾಮಾನು ಏನೇನಿದೆ ಎಂದು ಯಾರಾದರೂ ಕೇಳಿದರೆ ನಾನು ಒಂದು ಜೊತೆ ದೀಪದ ಕಂಬ, ಕುಂಕುಮದ ಬಟ್ಟಲು, ಕೊರಳ ಲಿಂಗ ಇಡುವ ಕರಡಿಗೆ ಮತ್ತು ಒಂದು ಪೆನ್ನು ಎಂದು ಹೇಳುತ್ತೇನೆ. ಕೇಳಿದವರು ಕೊನೆಯದು ಕೇಳಿಸದವರಂತೆ ತಲೆಯಾಡಿಸುತ್ತಾರೆ. ಪೆನ್ನು ಪೂಜೆಯ ಸಾಮಾನಲ್ಲ ಎಂಬುದು ನನಗೂ ಗೊತ್ತು. ಆದರೆ ಸೋಮವಾರ ಬೆಳಿಗ್ಗೆ ಬೆಳ್ಳಿ ಉಜ್ಜಲು ಕೂತಾಗ ಅದೂ ಸಾಲಿನಲ್ಲಿ ಬಂದು ಕೂರುತ್ತದೆ. ಬಂದು ಕೂತವರನ್ನು ಪಂಕ್ತಿಯಿಂದ ಎಬ್ಬಿಸುವುದು ನಮ್ಮ ಮನೆಯ ಪದ್ಧತಿಯಲ್ಲ.

ಪೆನ್ನಿನ ವಿಷಯ ಬರೆಯಲು ನನಗೇನು ಅಧಿಕಾರವಿದೆ ಎಂದು ನೀವು ಕೇಳಬಹುದು. ನನ್ನ ಓದು ಮೊಳಕಾಲ್ಮೂರಿನ ಹೈಸ್ಕೂಲಿಗೆ ಮುಗಿಯಿತು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ನಾನು ಬರೆದದ್ದೆಂದರೆ ಮೆಂತ್ಯ, ಸಾಸಿವೆ, ಸಾರಿನಪುಡಿ ಎಂದು ಡಬ್ಬಿಗಳ ಮೇಲೆ ಅಂಟಿಸಿದ ಚೀಟಿಗಳು ಮಾತ್ರ. ಅದೂ ಎಷ್ಟು ಚೆನ್ನಾಗಿತ್ತೆಂದರೆ ಚೀಟಿ ಓದುವ ಬದಲು ಮುಚ್ಚಳ ತೆಗೆದು ಮೂಸಿ ನೋಡುವುದೇ ಎಲ್ಲರಿಗೂ ಸುಲಭವಾಗಿತ್ತು. ಪೆನ್ನಿನ ಹುಚ್ಚು ನನ್ನದಲ್ಲ, ನಮ್ಮ ಮನೆಯವರದು. ಅವರು ಎಣ್ಣೆ ಮಿಲ್ಲಿನ ಪಾಲುದಾರರು. ವ್ಯಾಪಾರಕ್ಕೆಂದು ಮುಂಬೈಗೆ ಹೋದವರು ಹೆಂಡತಿಗೆ ಬಳೆಯನ್ನೋ ಮಕ್ಕಳಿಗೆ ಬೊಂಬೆಯನ್ನೋ ತರುತ್ತಾರೆ. ಇವರು ಹಳೆಯ ಗಡಿಯಾರದ ಅಂಗಡಿಗಳನ್ನು ಹುಡುಕಿ ಹೋಗಿ, ಯಾರೋ ಸಾಹುಕಾರರು ಬಿಟ್ಟುಹೋದ ಇಂಕ್ ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿ ಹಸುಗೂಸಿನಂತೆ ಎದೆಗವಚಿ ತರುತ್ತಿದ್ದರು.

ಆ ಪೆನ್ನುಗಳನ್ನು ನಾನೂ ಒಂದೊಂದಾಗಿ ಹಿಡಿದು, ಇದು ಹೆಚ್ಚೋ ಅದು ಹೆಚ್ಚೋ ಎಂದು ತೂಗಿ ನೋಡುವ ಕಾಲವೊಂದು ಬಂತು. ನಮ್ಮ ಮಗಳು ಗಿರಿಜೆಗೆ ಗಂಡು ಗೊತ್ತಾದ ವರ್ಷವೇ ಅವರಿಗೆ ಲಕ್ವ ಹೊಡೆಯಿತು. ಶಿವ ದೊಡ್ಡವನು, ಮಾತು ಉಳಿಯಿತು. ಕಾಲು ನಿಧಾನಕ್ಕೆ ತಿರುಗಿ ಬಂತು. ಬಲಗೈ ಮಾತ್ರ ಹೋದ ನೆಂಟನಂತೆ ಬರುತ್ತೇನೆ ಎನ್ನುತ್ತಲೇ ಇತ್ತು, ಪೂರ್ತಿ ಬರಲಿಲ್ಲ. ಅಷ್ಟರಲ್ಲಿ ಲಗ್ನಪತ್ರಿಕೆಯ ದಿನ ಹತ್ತಿರವಾಯಿತು. ನಮ್ಮಲ್ಲಿ ಶಾಸ್ತ್ರ ಮಾಡಿಸುವ ಅಯ್ಯನವರು ಪತ್ರಿಕೆ ಬರೆದು, ಎಲ್ಲರಿಗೂ ಕೇಳುವಂತೆ ಓದಿದ ಮೇಲೆ ಗಂಡಿನ ತಂದೆ, ಹೆಣ್ಣಿನ ತಂದೆ ಇಬ್ಬರೂ ಕೂತ ಸಭೆಯ ಎದುರಿಗೆ ರುಜು ಹಾಕಬೇಕು. ಇವರು ಒಂದು ಸಂಜೆ ನನ್ನನ್ನೂ ಅತ್ತೆಯವರನ್ನೂ ಕರೆದು ಹೇಳಿಬಿಟ್ಟರು.

"ರುಜು ಹಾಕಾಕೆ ಆದ್ರೆ ಕೂರ್ತೀನಿ. ಹೆಬ್ಬೆಟ್ಟು ಒತ್ತಾಕೆ ನನ್ನ ಕರೀಬ್ಯಾಡ್ರಿ. ನನ್ನ ತಮ್ಮನ್ನ ಕೂರಿಸ್ರಿ."

ತಂದೆ ಬದುಕಿದ್ದು, ಅದೇ ಮನೆಯ ಒಳಕೋಣೆಯಲ್ಲಿ ಮಲಗಿದ್ದು, ಮಗಳ ಲಗ್ನಪತ್ರಿಕೆಗೆ ಚಿಕ್ಕಪ್ಪ ಕೂರುವುದೆಂದರೆ ಹೇಗೆ? ಅವತ್ತಿನಿಂದ ಗಿರಿಜೆ ತಂದೆಗೆ ಊಟ ಬಡಿಸುವಾಗ ಅವರ ಬಲಗೈಯನ್ನು ನೋಡಬಾರದೆಂದು ಮುಖ ತಿರುಗಿಸುತ್ತಿದ್ದಳು. ಅದನ್ನು ಅವರೂ ನೋಡುತ್ತಿದ್ದರು.

ಹೆಬ್ಬೆಟ್ಟಿನ ಮೇಲೆ ಅವರಿಗೆ ಇಷ್ಟು ಹಟ ಯಾಕೆಂದು ತಿಳಿಯಬೇಕಾದರೆ ನನ್ನ ಮಾವನವರ ವಿಷಯ ಹೇಳಬೇಕು. ಮಾವನವರು ಎತ್ತಿನ ಗಾಣದಿಂದ ಶುರುಮಾಡಿ ಮಿಲ್ಲಿನವರೆಗೆ ಬಂದವರು. ಶೇಂಗಾ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಎಣ್ಣೆಯ ಅಂದಾಜು ಹೇಳುತ್ತಿದ್ದರಂತೆ. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಜಾಗದ ನೋಂದಣಿಗೆ ಹೋದ ದಿನ ಮಗನನ್ನೂ ಜೊತೆಗೆ ಕರೆದೊಯ್ದಿದ್ದರು. ಅಲ್ಲಿ ಯಾರೋ ಒಬ್ಬ ಮಾವನವರ ಮುಖವನ್ನೂ ನೋಡದೆ ಅವರ ಹೆಬ್ಬೆರಳನ್ನು ಹಿಡಿದೆಳೆದು, ಇಂಕಿನ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿ, ಆಮೇಲೆ ಸೌಟನ್ನು ಕೆಳಗಿಟ್ಟಂತೆ ಕೈಬಿಟ್ಟನಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಇವರೇ ನನಗೆ ಹೇಳಿದ್ದರು: "ಬೆರಳು ನಮ್ಮಪ್ಪಂದು. ಒತ್ತಿದೋನು ಅವನು." ಮಾವನವರಿಗೆ ಏನೂ ಅನ್ನಿಸಲಿಲ್ಲವಂತೆ. ಬೆರಳಿನ ಇಂಕನ್ನು ತಲೆಗೂದಲಿಗೆ ಒರೆಸಿಕೊಂಡು, ಮಗನಿಗೆ ಮಂಡಕ್ಕಿ ಕೊಡಿಸಿ, ಖುಷಿಯಾಗಿ ಮನೆಗೆ ಬಂದರಂತೆ. ಅನ್ನಿಸಿದ್ದು ಮಗನಿಗೆ. ಆ ಮಂಡಕ್ಕಿ ಇವರ ಗಂಟಲಲ್ಲಿ ಇನ್ನೂ ಇಳಿದಿರಲಿಲ್ಲ ಎಂದು ನನ್ನ ಊಹೆ. ಮನೆಯಲ್ಲಿ ಇಷ್ಟು ಪೆನ್ನು ಸೇರಿದ್ದಕ್ಕೆ ಅದೇ ಬೀಜ.

ಲಕ್ವವಾದ ಮೇಲೆ ಅಂಗಿಯ ಗುಂಡಿ ಹಾಕುವವಳು ನಾನು, ಮುದ್ದೆ ಮುರಿದು ಕೊಡುವವರು ಅತ್ತೆ, ಮಿಲ್ಲಿನ ವ್ಯವಹಾರಕ್ಕೆ ತಮ್ಮ. ಎಲ್ಲಕ್ಕೂ ಬೇರೆಯವರ ಕೈ. ಹೆಸರೊಂದನ್ನಾದರೂ ತಾವೇ ಬರೆಯಬೇಕು ಎಂದು ಆ ಮನುಷ್ಯ ಆಸೆಪಟ್ಟರೆ ಹೆಚ್ಚೇನಲ್ಲ. ಅತ್ತೆಯವರಿಗೆ ಇದು ಅರ್ಥವಾಗಲಿಲ್ಲ. "ಹೆಬ್ಬೆಟ್ಟಿನಾಗೆ ಏನೈತಪ್ಪ ಅವಮಾನ? ನಿಮ್ಮಪ್ಪನ ಹೆಬ್ಬೆಟ್ಟಿನ ಮ್ಯಾಲೇ ಈ ಮನೆ ನಿಂತೈತೆ" ಎಂದರು. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಈಗ ಪೆನ್ನುಗಳ ಪರಿಚಯ ಮಾಡಿಸುತ್ತೇನೆ. ಸಣ್ಣಪುಟ್ಟವನ್ನು ಬಿಟ್ಟರೆ ತಲೆಯೆತ್ತಿ ನಿಲ್ಲುವಂಥವು ನಾಲ್ಕು. ಅವುಗಳ ಕಂಪನಿಯ ಹೆಸರುಗಳು ನನ್ನ ನಾಲಗೆಗೆ ಹೊರಳುವುದಿಲ್ಲ, ಹಾಗಾಗಿ ನಾನೇ ನಾಮಕರಣ ಮಾಡಿಕೊಂಡಿದ್ದೆ. ಮೊದಲನೆಯದು ದೊಡ್ಡಗೌಡ. ಜರ್ಮನಿಯವನು. ಎಳೆ ಬದನೆಕಾಯಿಯಂಥ ಹೊಳೆಯುವ ಕರಿ ಮೈ, ದಪ್ಪ ಹೊಟ್ಟೆ, ಟೋಪಿಯ ನೆತ್ತಿಯಲ್ಲಿ ಬಿಳಿ ಹೂವಿನ ಗುರುತು. ಬಾಲ ತಿರುಗಿಸಿದರೆ ಇಂಕನ್ನು ತಾನೇ ಕುಡಿಯುತ್ತಾನೆ. ಬಂಗಾರದ ನಿಬ್ಬು, ಅದರ ನಡುವೆ ಬೆಳ್ಳಿಯ ಬಣ್ಣದ ಕುಸುರಿ. ಪೆನ್ನು ಕೂಡಿಡುವವರು ಯಾರೇ ಬಂದರೂ ಮೊದಲು ಇವನನ್ನೇ ಕೇಳುತ್ತಾರೆ. ಧಾರಾಳಿ, ಇಂಕನ್ನು ಸುರಿಯುತ್ತಾನೆ. ಒಳ್ಳೆಯ ಕಾಗದವಿಲ್ಲದಿದ್ದರೆ ಅವನ ಅಕ್ಷರ ನೆಂದ ಅವಲಕ್ಕಿಯಂತೆ ಊದಿಕೊಳ್ಳುತ್ತದೆ.

ಎರಡನೆಯದು ಹೊಸ ಸೊಸೆ. ಅಮೆರಿಕದ್ದು. ತೆಳ್ಳಗೆ, ಬಾಣದ ಆಕಾರದ ಕ್ಲಿಪ್ಪು. ಇದರ ನಿಬ್ಬು ಕಾಣುವುದೇ ಇಲ್ಲ, ಸೆರಗು ಹೊದ್ದ ಹೆಣ್ಣಿನ ಮೂಗಿನ ತುದಿ ಕಂಡ ಹಾಗೆ ಚೂರೇ ಚೂರು ಹೊರಗಿರುತ್ತದೆ. ಚೀನಾದವರು ಇದನ್ನೇ ನೋಡಿ ಮಾಡಿದ್ದು ಆಗೆಲ್ಲ ಪ್ರತಿ ಮೇಷ್ಟರ ಜೇಬಿನಲ್ಲೂ ಇತ್ತು. ಅದೂ ಇದೂ ಒಂದೇ ಥರ ಇದೆಯಲ್ಲ ಎಂದು ನಾನೊಮ್ಮೆ ಅಂದುಬಿಟ್ಟೆ. ಅವರು ತಲೆ ಎತ್ತದೆಯೇ, "ಹಂಗಾದ್ರೆ ನಿಮ್ಮಪ್ಪ ನೇದ ಸೀರೇನೂ ಮಿಲ್ಲಿನ ಸೀರೇನೂ ಒಂದೇನಾ?" ಎಂದರು. ಮಗ್ಗದವರ ಮಗಳು ನಾನು. ಆಮೇಲೆ ಪೆನ್ನಿನ ವಿಷಯದಲ್ಲಿ ಬಾಯಿ ಬಿಡುವ ಮುಂಚೆ ಯೋಚನೆ ಮಾಡುತ್ತಿದ್ದೆ.

ಮೂರನೆಯದು ಕೊಕ್ಕರೆ. ಜಪಾನಿನದು. ಪದರ ಪದರವಾಗಿ ಅರಗು ಬಳಿದ ಕರಿ ಮೈಯ ಮೇಲೆ ಬಂಗಾರದ ಪುಡಿಯಿಂದ ಬರೆದ ಕೊಕ್ಕರೆ. ಸೆರಗಿನಲ್ಲಿ ನವಿಲು ಕೂರಿಸುವ ನನ್ನ ತಂದೆ ನೋಡಿದ್ದರೆ ಆ ಕೊಕ್ಕರೆಯ ಕಾಲಿಗೆ ಕೈಮುಗಿಯುತ್ತಿದ್ದರು. ನಿಬ್ಬು ಕೂದಲೆಳೆಯಷ್ಟು ಸಣ್ಣ. ಎತ್ತಿದರೆ ಕೈಯಲ್ಲಿ ಏನೂ ಇಲ್ಲವೆನ್ನುವಷ್ಟು ಹಗುರ.

ನಾಲ್ಕನೆಯದೇ ಬೆಳ್ಳಿಯದು. ಇದರ ತುಂಬ ಬಳ್ಳಿ ಕೆತ್ತಿದ್ದಾರೆ, ಮುಟ್ಟಿದರೆ ಬೆರಳಿಗೆ ಸಿಗುವಂಥ ಕೆತ್ತನೆ. ನಾಲ್ಕರಲ್ಲಿ ಇದೇ ವಯಸ್ಸಾದದ್ದು, ಇದೇ ಹೆಚ್ಚು ತೂಕದ್ದು. ಲಿಂಗದ ಕರಡಿಗೆಯ ಕೆಲಸವೂ ಹೀಗೇ ಇರುತ್ತದಾದ್ದರಿಂದ ಅದನ್ನು ನಾನು ಕರಡಿಗೆ ಎಂದೇ ಕರೆಯುತ್ತಿದ್ದೆ. ಇದು ಹುಟ್ಟಿದಾಗಿನಿಂದ ಇಂಕನ್ನೇ ಕಂಡಿಲ್ಲವಂತೆ. ಅದೇ ಅದರ ಹೆಚ್ಚುಗಾರಿಕೆಯಂತೆ. ನನಗೆ ಇದು ಮೊದಲಿಗೆ ವಿಚಿತ್ರವಾಗಿತ್ತು. ಪೆನ್ನು ನೋಡಲು ಬರುವವರು ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಕೇಳುತ್ತಾರೆ: ಡಬ್ಬಿ ಇದೆಯೇ, ಚೀಟಿ ಇದೆಯೇ, ಮೈಮೇಲೆ ಯಾರದಾದರೂ ಹೆಸರು ಕೊರೆದಿದೆಯೇ, ಇಂಕು ತಾಗಿದೆಯೇ. ಬರೆಯುತ್ತದೆಯೇ ಎಂದು ಕೊನೆಗೆ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದರೆ ನಗುವ ಹಕ್ಕು ನನಗಿರಲಿಲ್ಲ. ಆ ನಾಲ್ಕೂ ಇದ್ದದ್ದು ನನ್ನ ಸೀರೆಗಳ ಬೀರುವಿನಲ್ಲೇ. ಮೇಲಿನ ಅರೆಯಲ್ಲಿ ಅವರ ಬರೆಯದ ಪೆನ್ನು, ಕೆಳಗಿನ ಅರೆಯಲ್ಲಿ ನಾನು ಉಡದ ಸೀರೆ. ನನ್ನ ತಂದೆ ಕೊನೆಯದಾಗಿ ನೇದು ಕೊಟ್ಟ ರೇಷ್ಮೆ ಸೀರೆಯೊಂದಿತ್ತು. ಬೆಲ್ಲದ ಬಣ್ಣದ ಒಡಲು, ಅಗಲವಾದ ಕೆಂಪಂಚು. ಆ ಅಂಚು ನೇಯುವಾಗ ಅವರ ಕಣ್ಣು ಆಗಲೇ ಮಂಜಾಗಿತ್ತು. ಅದನ್ನು ಉಟ್ಟರೆ ಮುಗಿದುಹೋಗುತ್ತದೆಂಬಂತೆ ಮಡಿಸಿ, ಬಿಚ್ಚಿ, ಮಡಿಕೆ ಬದಲಿಸಿ ಮತ್ತೆ ಇಡುತ್ತಿದ್ದೆ. ಉಡದ ರೇಷ್ಮೆ ಮಡಿಕೆಯಲ್ಲೇ ಹರಿಯುತ್ತದೆ. ಬರೆಯದ ಪೆನ್ನಿನ ಒಳಗಿನ ರಬ್ಬರು ಒಣಗಿ ಬಿರಿಯುತ್ತದೆ. ಇದು ಗೊತ್ತಿದ್ದೂ ಇಬ್ಬರೂ ಒಂದೇ ದಿನ ಬೀರು ತೆಗೆದು, ಅವರವರ ಸಾಮಾನು ನೋಡಿಕೊಂಡು, ಬಾಗಿಲು ಹಾಕುತ್ತಿದ್ದೆವು.

ಮತ್ತೊಂದು ಸಂಗತಿ. ಚಳ್ಳಕೆರೆಯಲ್ಲಿ ಕೂತು ಇಂಕ್ ಪೆನ್ನಿನ ಮೇಲೆ ಆಸೆ ಇಟ್ಟುಕೊಳ್ಳುವುದು ಸುಲಭವಲ್ಲ. ಇದು ಎಣ್ಣೆಯ ಊರು. ಎಣ್ಣೆ ತಾಗಿದ ಕಾಗದದ ಮೇಲೆ ನಿಬ್ಬು ಜಾರುತ್ತದೆ, ಇಂಕು ಮಾತ್ರ ಹಿಡಿಯುವುದಿಲ್ಲ. ಅಕ್ಷರ ಬರೆದಂತೆ ಕೈ ಆಡುತ್ತದೆ, ಕಾಗದ ಬೆಳ್ಳಗೇ ಉಳಿಯುತ್ತದೆ. ಮಿಲ್ಲಿನಲ್ಲಿ ಎಣ್ಣೆ ತಾಗದ ಕಾಗದವೇ ಇಲ್ಲವಾದ್ದರಿಂದ ಅಲ್ಲಿ ಇವರು ಬಾಲ್ ಪೆನ್ನಿನಲ್ಲೇ ಬರೆಯುತ್ತಿದ್ದರು. ಮನೆಗೆ ಬಂದು ಪೆನ್ನು ಮುಟ್ಟಬೇಕೆಂದರೆ ಮೊದಲು ಕಡಲೆಹಿಟ್ಟಿನಲ್ಲಿ ಮೊಣಕೈವರೆಗೆ ತೊಳೆದುಕೊಳ್ಳುವರು. ಲಿಂಗಪೂಜೆಗೆ ಕೂರುವಾಗಲೂ ಅಷ್ಟು ಹೊತ್ತು ತೊಳೆಯುತ್ತಿರಲಿಲ್ಲ; ನಮ್ಮ ದೇವರು ಹಟ್ಟಿ ತಿಪ್ಪೇಸ್ವಾಮಿ ಹೊಟ್ಟೆಗೆ ಹಾಕಿಕೊಳ್ಳಲಿ.

ಬೆಳ್ಳಿ ಪೆನ್ನು ಕರಡಿಗೆ ನಮ್ಮ ಮನೆಯಲ್ಲೇ ಉಳಿದದ್ದು ಅತ್ತೆಯವರ ಪುಣ್ಯ. ಇದು ಲಕ್ವಕ್ಕೆ ಮುಂಚಿನ ಮಾತು. ದಾವಣಗೆರೆಯಲ್ಲಿ ಇವರ ಹಾಗೆಯೇ ಪೆನ್ನು ಕೂಡಿಡುವ ವಕೀಲರೊಬ್ಬರಿದ್ದರು. ತಮ್ಮಲ್ಲಿರುವ ಒಂದು ಅಪರೂಪದ ಪೆನ್ನು ಕೊಟ್ಟು ಇದನ್ನು ತೆಗೆದುಕೊಳ್ಳುತ್ತೇನೆಂದು ಅವರು ಬಹಳ ದಿನದಿಂದ ಹೇಳುತ್ತಿದ್ದರು. ಇವರೂ ಒಪ್ಪಿದ್ದರು. ಬರುವ ದಿನ ಗೊತ್ತಾಯಿತು, ನಾನು ಒಬ್ಬಟ್ಟು ಮಾಡಿದೆ. ಅದಕ್ಕೆ ಕೆಲವು ದಿನ ಮೊದಲು ಆಯುಧಪೂಜೆ ಆಗಿತ್ತು. ಪೂಜೆಗೆ ಪೆನ್ನುಗಳನ್ನೂ ಇಡಬೇಕೆಂದು ಅತ್ತೆ ಎಲ್ಲವನ್ನೂ ಹೊರಗೆ ತೆಗೆಸಿದ್ದರು. ಕರಡಿಗೆಯ ಬಳ್ಳಿಯ ಸಂದಿಗಳೆಲ್ಲ ಕಪ್ಪಾಗಿದ್ದವು. ಕಪ್ಪಾದ ಬೆಳ್ಳಿಯನ್ನು ದೇವರ ಮುಂದೆ ಇಡುವ ಹೆಂಗಸು ನಮ್ಮ ಕಡೆ ಯಾವಳೂ ಇಲ್ಲ. ದೀಪದ ಕಂಬ ಉಜ್ಜಿದ ಕೈಯಲ್ಲೇ ಅತ್ತೆ ವಿಭೂತಿ ಹಾಕಿ, ಬಟ್ಟೆ ಸುತ್ತಿ, ಆ ಪೆನ್ನನ್ನೂ ಉಜ್ಜಿ ಉಜ್ಜಿ ಬೆಳದಿಂಗಳ ಹಾಗೆ ಮಾಡಿಟ್ಟರು.

ವಕೀಲರು ಬಂದರು, ಭೂತಗನ್ನಡಿ ತೆಗೆದರು, ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ಆ ಕಪ್ಪೇ ಅದರ ವಯಸ್ಸು, ಅದನ್ನು ಉಜ್ಜಿ ತೆಗೆದರೆ ಏನುಳಿಯಿತು ಎಂದು ಅವರು ಬಹಳ ಬೇಸರದಿಂದ ಹೇಳಿದರು. ಸಂದಿಗಳಲ್ಲಿ ವಿಭೂತಿ ಬೇರೆ ಕೂತಿತ್ತು. ಇವರು ಹಜಾರದಿಂದಲೇ ತಾಯಿಯನ್ನು ಕೇಳಿದರು, ಇದನ್ನ ಯಾರವ್ವ ಉಜ್ಜಿದ್ದು ಎಂದು.

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. "ನಾನೇ ಉಜ್ಜಿದ್ದು. ಬೆಳ್ಳಿ ಹಂಗೆ ಕರ್ರಗಿದ್ರೆ ಬಂದೋರು ಏನಂತಾರೆ? ಈ ಮನೆಯಾಗೆ ಹೆಣ್ಮಕ್ಕಳೇ ಇಲ್ಲೇನು ಅಂತಾರೆ."

ವಕೀಲರು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಹೊರಟರು. ಪೆನ್ನು ಬೀರುವಿಗೆ ವಾಪಸ್ಸಾಯಿತು. ಇವರು ಕೆಲವು ದಿನ ತಾಯಿಯ ಜೊತೆ ಬೇಕಾದಷ್ಟೇ ಮಾತಾಡಿದರು. ಅತ್ತೆ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ಲಗ್ನಪತ್ರಿಕೆಯ ಮಾತಿಗೆ ಬರುತ್ತೇನೆ. ಮೊದಲು ಬಾಲ್ ಪೆನ್ನಿನಲ್ಲೇ ನೋಡಿದೆವು. ಬಾಲ್ ಪೆನ್ನು ಬರೆಯಬೇಕಾದರೆ ಒತ್ತಬೇಕು. ಒತ್ತುವ ಶಕ್ತಿಯೇ ಆ ಕೈಯಲ್ಲಿ ಇರಲಿಲ್ಲ. ಇಂಕ್ ಪೆನ್ನಿಗೆ ಒತ್ತುವುದು ಬೇಡ ಎಂದು ಅವರೇ ಎಷ್ಟೋ ಸಲ ಹೇಳಿದ್ದು ನನಗೆ ನೆನಪಾಯಿತು. ಒಂದು ಮಧ್ಯಾಹ್ನ ಬೀರು ತೆಗೆದು ಪೆನ್ನುಗಳನ್ನು ತಂದು ಚಾಪೆಯ ಮೇಲೆ ಇಟ್ಟೆ. ನಮ್ಮ ತವರಿನಲ್ಲಿ ಸೀರೆಯನ್ನು ಮೊದಲು ಕಣ್ಣಿನಿಂದ ನೋಡುವುದಿಲ್ಲ, ಎರಡು ಬೆರಳಿನಿಂದ ನೋಡುತ್ತೇವೆ. ಹಾಗೆ ಒಂದೊಂದನ್ನೂ ಅವರ ಬೆರಳಿಗೆ ಕೊಟ್ಟು ನೋಡಿದೆ.

ದೊಡ್ಡಗೌಡನ ದಪ್ಪ ಹೊಟ್ಟೆ ಹಿಡಿಯಲು ಅನುಕೂಲವೆಂದುಕೊಂಡಿದ್ದೆ. ಆದರೆ ನುಣುಪು ಮೈ, ಮರಗಟ್ಟಿದ ಬೆರಳಿನಿಂದ ಮೀನಿನ ಹಾಗೆ ಜಾರಿತು. ಮೇಲಾಗಿ ಅವನ ಧಾರಾಳ. ಕೈ ಎಲ್ಲಿ ನಿಂತಿತೋ ಅಲ್ಲೊಂದು ಕೆರೆ. ಹೊಸ ಸೊಸೆ ತೀರ ತೆಳು, ಬೆರಳುಗಳು ಅಷ್ಟು ಹತ್ತಿರ ಬಂದು ಮುಚ್ಚಿಕೊಳ್ಳಲೇ ಇಲ್ಲ. ಕೊಕ್ಕರೆಯ ಸಣ್ಣ ಮೂತಿ ನಡುಗುವ ಕೈಗೆ ಸಿಕ್ಕು ಕಾಗದವನ್ನು ಕುಕ್ಕಿತು. ಅದು ಬಿದ್ದು ಕೊಕ್ಕರೆಗೆ ಏನಾದರೂ ಆದೀತೆಂಬ ಹೆದರಿಕೆಯಲ್ಲಿ ಅವರ ಕೈ ಇನ್ನೂ ನಡುಗಿತು. ನಾನು ಕರಡಿಗೆಯನ್ನು ಎತ್ತಿದೆ.

ಅದು ಬೇಡ, ಅದಕ್ಕೆ ಇಂಕು ತಾಗಿಲ್ಲ ಎಂದರು.

ನನಗೆ ಸಾಮಾನ್ಯವಾಗಿ ಎದುರು ಮಾತು ತಡವಾಗಿ ಹೊಳೆಯುತ್ತದೆ, ಎಲ್ಲರೂ ಎದ್ದುಹೋದ ಮೇಲೆ. ಅವತ್ತು ಕೂಡಲೇ ಬಂತು. "ಪೂಜೆ ಇಲ್ಲದ ಲಿಂಗ ಮನೇಲಿ ಇಟ್ಕಬಾರ್ದು ಅಂತೀವಿ. ಬರೀದ ಪೆನ್ನು ಯಾಕ್ರಿ ಇಟ್ಕಬೇಕು?"

ಅವರು ಬೀರುವಿನ ಕೆಳಗಿನ ಅರೆಯ ಕಡೆ ಕಣ್ಣಲ್ಲೇ ತೋರಿಸಿದರು. "ಅದನ್ನ ಯಾವತ್ತು ಉಡ್ತೀಯ?"

"ಲಗ್ನಪತ್ರಿಕೆ ದಿನ ಉಡ್ತೀನಿ. ನೀವು ಕೂತ್ರೆ."

ನಮ್ಮಿಬ್ಬರ ನಡುವೆ ಅಷ್ಟು ಚೊಕ್ಕವಾದ ವ್ಯಾಪಾರ ಇನ್ನೊಂದು ನಡೆದಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಮಾಡುವ ಸಾಬರು ಅದರ ಒಣಗಿದ ರಬ್ಬರಿನ ಚೀಲ ತೆಗೆದು ಹೊಸದು ಹಾಕಿಕೊಟ್ಟರು. ಇಂಕು ತುಂಬಿದೆವು. ಹೆಬ್ಬೆರಳು ಕೆತ್ತನೆಯ ಬಳ್ಳಿಗೆ ಆನಿಕೊಂಡಿತು, ಜಾರಲಿಲ್ಲ. ಬೆಳ್ಳಿಯ ತೂಕಕ್ಕೆ ನಿಬ್ಬು ತಾನಾಗಿಯೇ ಕಾಗದದ ಮೇಲೆ ಕೂತಿತು. ಕೈ ಬರೆಯಬೇಕಾಗಿರಲಿಲ್ಲ, ಕರೆದುಕೊಂಡು ಹೋದರೆ ಸಾಕಿತ್ತು. ಮೊದಲ ದಿನ 'ಶಿವ' ಎಂದು ಎರಡಕ್ಷರ ಬರೆಯುವಷ್ಟರಲ್ಲಿ ಅವರ ಹಣೆ ಬೆವೆತಿತ್ತು. ಹೆಚ್ಚು ಬೆಲೆಯ ಪೆನ್ನೆಂದರೆ ಬರಿಯ ಜಂಬ ಎಂದುಕೊಂಡಿದ್ದವಳು ನಾನು. ಅದನ್ನು ಮಾಡಿದವನು ಎಲ್ಲೋ ಕೂತು, ಇದನ್ನು ಹಿಡಿಯುವ ಕೈ ಸೋತಿದ್ದರೂ ಸೋತಿರಬಹುದು ಎಂದು ಯೋಚಿಸಿರಬೇಕು ಅನ್ನಿಸಿತು.

ಅವರ ಹೆಸರು ರುದ್ರಪ್ಪ. ಆ ಹೆಸರಿನ ಒತ್ತಕ್ಷರಗಳೇ ಕಷ್ಟ. ಸಾಲಿನಿಂದ ಕೆಳಗಿಳಿದು ಮತ್ತೆ ಮೇಲೆ ಬರಬೇಕು, ಬಾವಿಗೆ ಇಳಿದು ಹತ್ತಿದ ಹಾಗೆ. ಆದರೂ ನಮ್ಮ ಅಕ್ಷರಗಳು ದುಂಡಗಿರುವುದು ಒಂದು ಉಪಕಾರ. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತ ಹೋಗುತ್ತದೆಂದು ಹಿಂದಿನವರು ಅಕ್ಷರಗಳನ್ನು ಬಳಸಿ ಬಳಸಿ ಬರೆದರಂತೆ. ಹಿಂದೊಮ್ಮೆ ಇವರೇ ಹೇಳಿದ್ದು. ಗರಿಗೆ ತೋರಿಸಿದ ಆ ದಯೆ ಎಷ್ಟೋ ಕಾಲದ ಮೇಲೆ ಲಕ್ವ ಹೊಡೆದ ಒಂದು ಕೈಗೂ ಸಿಕ್ಕಿತು. ದುಂಡಕ್ಷರದಲ್ಲಿ ಕೈ ಗಕ್ಕನೆ ನಿಲ್ಲಬೇಕಾದ ಮೂಲೆಗಳು ಕಡಿಮೆ.

ಅವರು ಹಾಗೆ ಬರೆಯುತ್ತ ಕೂತಾಗ ನನಗೆ ತವರಿನ ಕಡೆಯ ಬೆಟ್ಟದ ಬಂಡೆ ನೆನಪಾಗುತ್ತಿತ್ತು. ಚಿಕ್ಕವಳಿದ್ದಾಗ ನನ್ನ ತಂದೆ ಜಟಿಂಗ ರಾಮೇಶ್ವರನ ದರ್ಶನಕ್ಕೆ ಕರೆದೊಯ್ದು, ಅಲ್ಲಿ ಬಂಡೆಯ ಮೇಲಿನ ಸವೆದ ಗೀರುಗಳನ್ನು ತೋರಿಸಿ, ಇದು ಅಶೋಕ ರಾಜ ಬರೆಸಿದ್ದು ಎಂದಿದ್ದರು. ನಾನು ಕೋಳಿ ಕೆರೆದಿದೆ ಎಂದುಕೊಂಡಿದ್ದೆ. ರಾಜನ ಮಾತನ್ನೆಲ್ಲ ಬರೆದು ಮುಗಿಸಿದ ಮೇಲೆ ಬರೆದವನು ಕೊನೆಯಲ್ಲಿ ತನ್ನ ಊರ ಕಡೆಯ ಲಿಪಿಯಲ್ಲಿ ತನ್ನದೊಂದು ಗುರುತನ್ನೂ ಕೊರೆದಿದ್ದಾನಂತೆ. ಅದನ್ನು ಓದಬಲ್ಲವರು ಆ ಕಾಡಿನಲ್ಲಿ ಯಾರಿದ್ದರು? ಯಾರೂ ಓದದಿದ್ದರೂ ಸರಿ, ಇದನ್ನು ಬರೆದ ಕೈ ನನ್ನದು ಎಂದು ಹೇಳಿ ಹೋಗಬೇಕೆಂಬ ಆಸೆ ಬಂಡೆಯಷ್ಟು ಹಳೆಯದು.

ಲಗ್ನಪತ್ರಿಕೆಯ ದಿನ ಬಂತು. ನಾನು ಬೆಲ್ಲದ ಬಣ್ಣದ ಸೀರೆ ಉಟ್ಟೆ. ಮಡಿಕೆಯಲ್ಲಿ ಒಂದು ಕಡೆ ಎಳೆ ಬಿಟ್ಟಿತ್ತು, ಅದನ್ನು ನೆರಿಗೆಯೊಳಗೆ ಸೇರಿಸಿಕೊಂಡೆ. ಅವರು ಬಿಳಿ ಅಂಗಿ, ಹೆಗಲಿಗೆ ಶಲ್ಯ ಹಾಕಿಕೊಂಡು ಗೋಡೆಗೆ ಒರಗಿ ಕೂತರು. ಜೇಬಿನಲ್ಲಿ ಕರಡಿಗೆ. ಬೀಗರು ಬಂದರು. ಬಂದವರಿಗೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಟ್ಟೆವು. ಅಯ್ಯನವರು ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಬರೆದು, ಓದಿದರು. ಹಿರಿಯರೆಲ್ಲ ಒಬ್ಬರಿಂದೊಬ್ಬರು ತೆಗೆದುಕೊಂಡು, ಬೆರಳಿಟ್ಟು ಮುಹೂರ್ತ ನೋಡಿದರು. ಗಂಡಿನ ತಂದೆ ಬಾಲ್ ಪೆನ್ನಿನಲ್ಲಿ ರುಜು ಹಾಕಿದರು. ಪತ್ರಿಕೆ ಇವರ ಮುಂದೆ ಬಂತು.

ಇವರು ಪೆನ್ನಿನ ಟೋಪಿ ತೆಗೆದು, ಬೆರಳು ಹೊಂದಿಸಿಕೊಂಡು, ನಿಧಾನವಾಗಿ ಶುರುಮಾಡಿದರು. ನಿಬ್ಬು ಹೋಯಿತು. 'ರು' ಎಂಬುದರ ಅರ್ಧ ಬಂತು, ಆಮೇಲೆ ಏನೂ ಇಲ್ಲ. ಮತ್ತೆ ಹೋಯಿತು. ಕೈ ಸರಿಯಾಗಿಯೇ ಆಡುತ್ತಿತ್ತು, ಕಾಗದ ಬೆಳ್ಳಗೇ ಇತ್ತು. ಸಭೆಗೆ ಕಂಡದ್ದು ಸೋತ ಕೈ. ಗಿರಿಜೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಗಂಡಿನ ತಂದೆ ಒಳ್ಳೆಯವರು, ಬಹಳ ಮೆಲ್ಲಗೆ ಹೇಳಿದರು: "ಹೆಬ್ಬೆಟ್ಟಾದ್ರೂ ನಡೀತೈತೆ ಬಿಡ್ರಿ. ನಾವೇನು ಹೊರಗಿನೋರಾ?"

ಒಳ್ಳೆಯ ಮಾತೇ. ಆದರೆ ಇವರ ಕೈ ಕಾಗದದಿಂದ ಮೇಲೇಳುವುದನ್ನು ನಾನು ನೋಡಿದೆ. ಪೆನ್ನಿನ ಟೋಪಿಗಾಗಿ ಎಡಗೈ ತಡಕಾಡುತ್ತಿತ್ತು.

ಗೋಡೆಯ ಪಕ್ಕದಲ್ಲಿ ಕೂತಿದ್ದ ಅತ್ತೆ ಎದ್ದರು. ಮಂಡಿ ನೋವಿನವರು, ನೆಲಕ್ಕೆ ಕೈ ಊರಿ ಎದ್ದು ಬಂದು ಮಗನ ಪಕ್ಕ ಕೂತರು. ಕಾಗದದ ಮೇಲೆ ಬೆರಳಾಡಿಸಿದರು. ಗಾಣದ ಮನೆಯ ಹೆಂಗಸಿಗೆ ಅಷ್ಟು ಸಾಕು. "ಕೈದೇನೂ ತಪ್ಪಿಲ್ಲ ಕಣಪ್ಪ. ಬಜ್ಜಿ ತಿಂದ ಕೈಯಾಗೆ ಎಲ್ಲಾರೂ ಮುಟ್ಟವ್ರೆ. ಎಣ್ಣೆ ಆಗೈತೆ."

ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಬೆರಳಲ್ಲಿ ಪುಡಿಮಾಡಿ, ರುಜುವಿನ ಜಾಗದ ಮೇಲೆ ಉದುರಿಸಿ, ಎಣ್ಣೆ ಹೀರುವಂತೆ ಅಂಗೈಯಿಂದ ಮೆತ್ತಗೆ ತಟ್ಟಿ, ಉಫ್ ಎಂದು ಊದಿದರು. ವಿಭೂತಿ ಬಿದ್ದದ್ದು ನೋಡಿದ ಅಯ್ಯನವರು ಇದು ಮನೆತನದ ಶಾಸ್ತ್ರವೆಂದುಕೊಂಡು ಕೂಡಲೇ ಮಂತ್ರ ಶುರುಮಾಡಿದರು. ಬೀಗರು ಕೈಮುಗಿದರು. ಮಂತ್ರ ಮುಗಿಯುವವರೆಗೆ ಅತ್ತೆಯೂ ಗಂಭೀರವಾಗಿ ಕೈಮುಗಿದುಕೊಂಡೇ ಇದ್ದು, ಆಮೇಲೆ ಮಗನಿಗೆ ಹೇಳಿದರು: "ಈಗ ಬರಿ."

ಅವರು ಬರೆದರು. ರು ಎದ್ದು ನಿಂತಿತು. ದ್ರ ಸ್ವಲ್ಪ ವಾಲಿತು. 'ಪ್ಪ'ದಲ್ಲಿ ಮೇಲಿನದು ಒಂದು ಕಡೆ, ಒತ್ತು ಇನ್ನೊಂದು ಕಡೆ, ಜಾತ್ರೆಯಲ್ಲಿ ಕೈತಪ್ಪಿದ ಅಣ್ಣತಮ್ಮಂದಿರ ಹಾಗೆ. ಆದರೆ ಯಾರೂ ಅವರ ಬೆರಳು ಹಿಡಿದಿರಲಿಲ್ಲ. ಟೋಪಿಯನ್ನೂ ಅವರೇ ಹಾಕಿದರು, ಸ್ವಲ್ಪ ಹೊತ್ತು ಹಿಡಿಯಿತು, ಎಲ್ಲರೂ ಕಾದರು. ಗಿರಿಜೆ ಬಂದು ಕಾಲಿಗೆ ಬಿದ್ದಾಗ ಆ ಬಲಗೈಯನ್ನೇ ಅವಳ ತಲೆಯ ಮೇಲೆ ಇಟ್ಟರು. ಅವಳು ಏಳಲು ಬಹಳ ಹೊತ್ತು ಮಾಡಿದಳು.

ಬೀಗರು ಹೋದ ಮೇಲೆ ಅತ್ತೆ ಮಗನ ಹತ್ತಿರ ಕೂತು ಹೇಳಿದರು: "ದುಂಡಗೆ ಚೆನ್ನಾಗಿ ಬಂತು ನೋಡು. ನಿಮ್ಮಪ್ಪನ ಹೆಬ್ಬೆಟ್ಟೂ ಹಿಂಗೇ ದುಂಡಗಿರ್ತಿತ್ತು." ಇವರು ನಕ್ಕರು. ಲಕ್ವವಾದ ಮೇಲೆ ಬಾಯಿ ಒಂದು ಕಡೆಗೆ ಎಳೆಯುತ್ತಿದ್ದರಿಂದ ಅವರು ನಗುವುದನ್ನೇ ಬಿಟ್ಟಿದ್ದರು. ಓರೆಯಾಗಿಯೇ ನಕ್ಕರು. ಅಪ್ಪನ ಹೆಬ್ಬೆರಳಿನ ಜೊತೆ ಅವರ ಜಗಳ ಅವತ್ತಿಗೆ ಮುಗಿಯಿತೋ ಏನೋ, ನಾನು ಕೇಳಲಿಲ್ಲ. ಕೆಲವನ್ನು ಕೇಳದೆ ಇರುವುದೂ ಸಂಸಾರದ ಒಂದು ಕೆಲಸ.

ಮುಂದೆ ಗಿರಿಜೆಯ ಮೈದುನನಿಗೆ ಹೆಣ್ಣು ಗೊತ್ತಾದಾಗ ಬೀಗರು ಮರೆಯದೆ ಲಗ್ನಪತ್ರಿಕೆಯ ಮೇಲೆ ವಿಭೂತಿ ತಟ್ಟಿ ಊದಿಸಿದರಂತೆ, ಬಾಲ್ ಪೆನ್ನಿನಲ್ಲಿ ರುಜು ಹಾಕುವವರಿಗೂ. ಎಷ್ಟೋ ಶಾಸ್ತ್ರಗಳ ಬುಡದಲ್ಲಿ ಒಂದು ಬಜ್ಜಿಯ ಎಣ್ಣೆ ಇರಬಹುದೆಂದು ನನಗೆ ಆಗ ಹೊಳೆಯಿತು. ಅದರಿಂದ ಶಾಸ್ತ್ರದ ಮೇಲಿನ ನನ್ನ ಭಕ್ತಿ ಕಡಿಮೆಯಾಗಲಿಲ್ಲ. ಹಿಂದೆ ಯಾರದೋ ಮಾನ ಉಳಿದಿರಬೇಕು, ಅದಕ್ಕೇ ಅದು ಉಳಿದಿದೆ.

ದಾವಣಗೆರೆಯ ವಕೀಲರು ಆಮೇಲೊಮ್ಮೆ ಬಂದಿದ್ದರು. ಇಂಕು ತುಂಬಿದ ಕರಡಿಗೆಯನ್ನು ನೋಡಿ ಅವರಿಗೆ ಸಂಕಟವಾಯಿತು. ಪಾಪ, ಅವರ ಲೆಕ್ಕದಲ್ಲಿ ಅದು ಸತ್ತೇಹೋಗಿತ್ತು. ಸಂದಿಯ ವಿಭೂತಿಯನ್ನಾದರೂ ಸೂಜಿಯಿಂದ ತೆಗೆಯಬಹುದು, ಕೊಡಿ ಎಂದರು. ಇರಲಿ ಬಿಡಿ ಎಂದು ಇವರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಈ ಸಲ ಅವರು ಒಬ್ಬಟ್ಟು ತಿಂದುಹೋದರು.

ಅತ್ತೆ ಈಗಿಲ್ಲ. ಬೆಳ್ಳಿ ಉಜ್ಜುವ ಕೆಲಸ ನನಗೆ ಬಂದಿದೆ. ಕಂಬ, ಬಟ್ಟಲು, ಲಿಂಗದ ಕರಡಿಗೆ ಎಲ್ಲ ಆದ ಮೇಲೆ ಕೊನೆಗೆ ಪೆನ್ನು. ಸಾಲಿನಲ್ಲಿ ಸ್ನಾನವಿಲ್ಲದ್ದು ಅದೊಂದೇ, ಒಣವಿಭೂತಿಯಲ್ಲೇ ಮುಗಿಸಬೇಕು, ಒಳಗೆ ಇಂಕಿರುತ್ತದೆ. ಎಷ್ಟು ಜೋಪಾನ ಮಾಡಿದರೂ ಒಂದು ತೊಟ್ಟು ಹೊರಗೆ ಬಂದು ನನ್ನ ಹೆಬ್ಬೆರಳಿಗೆ ಹತ್ತುತ್ತದೆ. ಪೂಜೆಗೆ ಹೊತ್ತಾಗಿರುತ್ತದೆ, ಉಟ್ಟದ್ದು ಮಡಿ ಸೀರೆ, ಒರೆಸಿಕೊಳ್ಳಲು ಏನೂ ಸಿಗುವುದಿಲ್ಲ. ಮಾವನವರು ಮಾಡಿದ ಹಾಗೆ ತಲೆಗೂದಲಿಗೆ ಒರೆಸಿಕೊಂಡುಬಿಡುತ್ತೇನೆ. ಕೂದಲು ನರೆಯುತ್ತಿದೆ. ಅಷ್ಟು ಕಪ್ಪು ಸಿಕ್ಕಿದರೂ ಲಾಭವೇ.